ಕಾಶಮ್ಮನ ಸ್ಟೂಲು

ಬಕೆಟ್ಟು ಇಡಲು ಜಾಗ ಸಾಲಲಿಲ್ಲ. ಶಿವರಂಜನಿ ಬಚ್ಚಲಿನ ಸ್ಟೂಲನ್ನು ಕಾಲಿನಿಂದ ಸರಿಸಿದಳು. ಸರಿಸಿದ ಮೇಲೆ ಬಕೆಟ್ಟು ಕೈಯಲ್ಲೇ ಹಿಡಿದು ನಿಂತಳು. ಕೆಳಗೆ ಗಲ್ಲಿಯಲ್ಲಿ ಹಾಲಿನವನು ‘ದೂಧ್’ ಎಂದು ಕೂಗಿ, ಉತ್ತರ ಬರದೆ, ಮುಂದಿನ ಮನೆಗೆ ಹೋದ.

ನಿನ್ನೆ ಗಂಡ ಶರಣನನ್ನು ಮಣ್ಣು ಮಾಡಿದ್ದರು. ಇವತ್ತು ಎಂದಿನ ಹೊತ್ತಿಗೇ ನಲ್ಲಿಯಲ್ಲಿ ನೀರು ಬಂದಿತ್ತು.

ಸ್ಟೂಲು ಮೇಲಿನ ಮಹಡಿಯ ಕಾಶಮ್ಮನದು. ಶರಣ ಕೇಳಿ ತಂದಿದ್ದ.

*

ನಿನ್ನೆ ಮಠದ ಅಂಗಳದಲ್ಲಿ ಕಾಶಮ್ಮ ಪಕ್ಕದವಳಿಗೆ ಹೇಳುತ್ತಿದ್ದರು.

“ಜೀವ ಒಯ್ದದ್ದು ಡೆಂಗ್ಯೂ ಅನ್ನೂದು ಬರೇ ನೆಪ. ಹರೇದ ಹುಡುಗ, ಯುನಿವರ್ಸಿಟಿ ನೌಕರಿ ಬಿಟ್ಟು ಹಗಲೆಲ್ಲಾ ಮಲಗಿದ್ರ ಮೈಯಾಗ ಏನ್ ಉಳೀತದ? ದಿನಾ ಹೊಳಿ ಘಾಟ್ ತನಕ ನಡಿಯಪ್ಪಾ ಅಂತ ಬಡಕೊಂಡೆ.”

“ಮೊದಲಿನ ರಿಪೋರ್ಟೆಲ್ಲಾ ಛಲೋನೇ ಇದ್ವಂತ?”

“ಆಲಸಿತನಕ್ಕ ರಿಪೋರ್ಟ್ ಎಲ್ಲಿ ಬರ್ತದ?”

ರಂಜನಿಗೆ ಕೇಳಿಸಿತು. ಅದು ಕಾಯಿಲೆ, ಮಲಗಿದರೂ ಹೋಗದ ದಣಿವು, ಅದಕ್ಕೊಂದು ಹೆಸರಿದೆ ಎನ್ನಬೇಕೆನಿಸಿತು. ಸೆರಗು ಬಿಗಿದುಕೊಂಡು ಶರಣನ ಕಡೆ ನಡೆದಳು.

ಪದ್ಧತಿಯಂತೆ ಶರಣನನ್ನು ಕೂರಿಸಿದ್ದರು. ಕೂತಂತೆಯೇ ಮಣ್ಣಿಗಿಳಿಸಬೇಕು. ಬದುಕಿದ್ದಾಗ ಊಟ ಮುಗಿಯುವವರೆಗೂ ನೆಟ್ಟಗೆ ಕೂರಲಾರದವನು.

“ಸ್ವಾಮೇರ, ಬೆನ್ನಿಗೇನಾದ್ರೂ ಕೊಡ್ರಿ,” ಎಂದಳು.

ಮಠದ ಶಿವಬಸಯ್ಯ ವಿಭೂತಿ ಹಚ್ಚುತ್ತಿದ್ದ ಕೈ ನಿಲ್ಲಿಸಿದರು. “ಕುಣಿಯೊಳಗ ಗೋಡೆ ಅದ ತಾಯಿ. ಒರಗಸ್ತೀವಿ.”

ಕಾಶಮ್ಮ ತಿರುಗಿ ಅವಳನ್ನು ನೋಡಿದರು.

*

“ಸ್ನಾನ ಬೇಕೋ, ಮಾತು ಬೇಕೋ?” ಆಗೆಲ್ಲ ಬೆಳಿಗ್ಗೆ ಶರಣ ಕೇಳುತ್ತಿದ್ದ. ಎರಡಕ್ಕೂ ಆಗುವಷ್ಟು ಶಕ್ತಿ ಅವನಲ್ಲಿ ಇರುತ್ತಿರಲಿಲ್ಲ.

“ಮಾತು.”

“ಹಂಗಾದ್ರ ಇವತ್ತು ನಾರ್ತೀನಿ.”

ಏನು ಮಾಡಿದರೂ ದಣಿಯುವ ಮೊದಲೇ ನಿಲ್ಲಿಸಿ ಎಂದಿದ್ದರು ಡಾಕ್ಟರು. ಕಾಶಮ್ಮನ ಮಾತಿಗೆ ಒಮ್ಮೆ ಘಾಟ್‌ವರೆಗೆ ನಡೆದು ಬಂದವನು ಆಮೇಲೆ ವಾರವಿಡೀ ತಲೆ ಎತ್ತಲಿಲ್ಲ. ಎದ್ದ ದಿನ ಸ್ಟೂಲು ತಂದ.

“ಏನಂತ ಕೇಳಿದ್ರಿ?”

“ಮನಿಗೆ ಮಂದಿ ಬರ್ತಾರ ಅಂದೆ.”

ಅಲ್ಲಿಂದ ಮುಂದೆ ಸ್ನಾನವೂ ಆಗುತ್ತಿತ್ತು, ಮಾತೂ.

*

ರಂಜನಿ ಸ್ಟೂಲನ್ನು ಕಾಶಮ್ಮನ ಹೊಸ್ತಿಲ ಬಳಿ ಇಳಿಸಿದಳು.

“ಇರಲಿ ಬಿಡವ್ವ, ಇನ್ನೂ ಮಂದಿ ಮಾತಾಡಿಸಾಕ ಬರ್ತಾರ. ಅವತ್ತೂ ಮಂದಿ ಬರ್ತಾರಂತನ ಒಯ್ದಿದ್ದ.”

“ಯಾರೂ ಬಂದಿರಲಿಲ್ಲ, ಅಮ್ಮಾರ. ಅವರೇ ಕೂತು ಮೈ ತೊಳಕೊಂತಿದ್ರು. ನಿಲ್ಲಾಕ ಆಗ್ತಿರಲಿಲ್ಲ.”

ಕಾಶಮ್ಮ ಬಗ್ಗಿ ನೋಡಿದರು. ಸ್ಟೂಲಿನ ಕಾಲುಗಳು ನೀರು ಕುಡಿದು ಕಪ್ಪಾಗಿದ್ದವು. ಸಂದುಗಳಲ್ಲಿ ಸಾಬೂನು ಬೆಳ್ಳಗೆ ಗಟ್ಟಿಯಾಗಿತ್ತು.

“ನನಗ್ಯಾಕ ಹೇಳಲಿಲ್ಲ?”



ಕಾಶಮ್ಮ ಸ್ಟೂಲನ್ನು ಸೆರಗಿನಿಂದ ಒರೆಸಿ, ಒಳಗೊಯ್ದು ನಡುಮನೆಯಲ್ಲಿಟ್ಟರು. ಎರಡು ಹೆಜ್ಜೆ ಬಂದವರು ಮತ್ತೆ ಹೋಗಿ, ಅದನ್ನು ಕೂತವರು ಒರಗುವಂತೆ ಗೋಡೆಗೆ ತಾಗಿಸಿದರು.