ಡೆನ್ಮಾರ್ಕಿನ ಮೇಜು

ಚೆನ್ನೈಯ ಪೋರೂರಿಗೆ ಮನೆ ಬದಲಿಸಿದ ಮರುದಿನ ಕಾಫಿ ಹುಡುಕಿಕೊಂಡು ಹೊರಟವನು ಸತ್ಯನಾರಾಯಣ ಹೊಳ್ಳರ ಹೋಟೆಲನ್ನು ಹೊಕ್ಕೆ. ನನ್ನ ಕಂಕುಳಲ್ಲಿದ್ದ ಕನ್ನಡ ಪತ್ರಿಕೆಯನ್ನು ಕಂಡದ್ದೇ ಸಾಕಾಯಿತು, ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಗಲ್ಲಾದಿಂದಲೇ "ಆಸ್ಟ್ರೇಲಿಯದಲ್ಲಿ ಒಂದು ಗಂಟೆ ದುಡಿದ್ರೆ ಎಷ್ಟು ಮಸಾಲೆದೋಸೆ ಬರ್ತದೆ, ಹೇಳಿ ನೋಡುವ?" ಎಂದರು. ಮೂವತ್ತೆರಡು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿ ಕಾಡಿದ ಮೇಷ್ಟ್ರು ನಾನು, ಅಂದು ಬೆರಳು ಮಡಿಚಿ ಲೆಕ್ಕ ಹಾಕತೊಡಗಿದೆ.

ಚೆನ್ನೈಯ ಸೆಕೆಯಲ್ಲೂ ಬಿಚ್ಚದ ಬೂದು ವೇಸ್ಟ್‌ಕೋಟು, ಅದರ ಕಿಸೆಯಲ್ಲಿ ಮಡಿಸಿಟ್ಟ ಬಿಲ್ಲುಹಾಳೆಗಳು, ಆ ಹಾಳೆಗಳ ಬೆನ್ನಿನಲ್ಲಿ ದೇಶದೇಶಗಳ ಕನಿಷ್ಠ ವೇತನ. ಕಾನೂನು ಸಂಬಳ ಏರಿಸಿದರೆ ದೇಶ ಮುಳುಗುತ್ತದೆ ಎಂಬುದು ಅವರ ಸಿದ್ಧಾಂತ. ಏರಿಸಿದ ದೇಶಗಳು ಚೆನ್ನಾಗಿಯೇ ಇವೆಯಲ್ಲ ಎಂದರೆ ತೋರುಬೆರಳನ್ನು ಮೇಜಿಗೆ ಕುಟ್ಟಿ, "ಡೆನ್ಮಾರ್ಕ್ ನೋಡಿ ಮೇಷ್ಟ್ರೇ! ಕನಿಷ್ಠ ವೇತನದ ಕಾನೂನೇ ಇಲ್ಲ ಮಾರಾಯ್ರೆ. ದೇಶ ಗುಂಡುಕಲ್ಲಿನ ಹಾಗೆ ಉಂಟು!" ಎನ್ನುತ್ತಿದ್ದರು. ನನ್ನ ಎಷ್ಟು ಲೋಟ ಕಾಫಿ ಡೆನ್ಮಾರ್ಕಿನಲ್ಲಿ ತಣ್ಣಗಾಯಿತೋ!

ಅವರ ಬೆನ್ನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ, ಹದಿನೆಂಟು ವರ್ಷದಿಂದ ದೋಸೆಕಲ್ಲಿನ ಮುಂದೆ ನಿಂತವನು ಅವರ ಊರಿನವನೇ ಆದ ಐತಪ್ಪ. ಮಗಳನ್ನು ನರ್ಸಿಂಗ್ ಓದಿಸಬೇಕು, ಸಂಬಳ ಏರಿಸಿ ಎಂದು ಅವನು ಕೇಳುತ್ತಲೇ ಇದ್ದ. ಹೊಳ್ಳರು "ಪಾಕಲಾಂ", ನೋಡೋಣ, ಎನ್ನುತ್ತಲೇ ಇದ್ದರು. ಇಲ್ಲವೆನ್ನಬೇಕಾದಾಗ ಮಾತ್ರ ಅವರಿಗೆ ತಮಿಳು ಒದಗುತ್ತಿತ್ತು.

ಒಂದು ದಿನ ನಾನು ತಾಳ್ಮೆಗೆಟ್ಟು, "ಕಾನೂನಿಲ್ಲದೆ ಅಲ್ಲಿ ಸಂಬಳ ಗೊತ್ತುಮಾಡುವವರು ಯಾರು ಹೊಳ್ಳರೇ?" ಎಂದು ಕೇಳಿಯೇಬಿಟ್ಟೆ.

"ಕೆಲಸದವರು, ಧಣಿಗಳು ಒಂದೇ ಮೇಜಿಗೆ ಎದುರುಬದುರು ಕೂತು ಮಾತಾಡಿಕೊಳ್ತಾರೆ. ನಾಗರಿಕತೆ ಅಂದ್ರೆ ಅದು!"

ಐತಪ್ಪ ಒಲೆ ಸಣ್ಣದು ಮಾಡಿದ. ಕೈ ಒರೆಸಿಕೊಂಡು ಬಂದು ಗಿರಾಕಿಗಳ ಕುರ್ಚಿಯೊಂದನ್ನು ಎಳೆದು ಕೂತ. ಅಡುಗೆಯವರು ಒಳಗೇ ಎಣ್ಣೆಡಬ್ಬದ ಮೇಲೆ ಕೂತು ಉಣ್ಣುವ ಆ ಹೋಟೆಲಿನಲ್ಲಿ ಅಂಥದು ಎಂದೂ ನಡೆದಿರಲಿಲ್ಲ.

"ನಾನು ಕೂತೆ ಧಣಿ. ನೀವೂ ಬನ್ನಿ. ನಾವೂ ಸ್ವಲ್ಪ ಹೊತ್ತು ಡೆನ್ಮಾರ್ಕ್ ಆಗುವ."

ಗಿರಾಕಿಗಳು ನಕ್ಕರು. ಹೊಳ್ಳರು ನಗಲಿಲ್ಲ, ಕೂರಲೂ ಇಲ್ಲ. ನಿಂತಲ್ಲಿಂದಲೇ ಸಿಂಗಪುರದ ಉದಾಹರಣೆ ಎತ್ತಿಕೊಂಡರು. ಐತಪ್ಪ ಅದನ್ನು ಪೂರ್ತಿ ಕೇಳಿದ. ಆಮೇಲೆ ಎದ್ದು, ಕುರ್ಚಿಯನ್ನು ಸರಿಯಾಗಿ ಒಳಕ್ಕೆ ಸರಿಸಿ, ಏಪ್ರನ್ನನ್ನು ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ. ತಿಂಗಳೊಳಗೆ ಚೆನ್ನೈಯ ಇನ್ನೊಂದು ತುದಿಯ ಎಣ್ಣೂರಿನ ಕ್ಯಾಂಟೀನೊಂದರಲ್ಲಿ ಸೇರಿಕೊಂಡ. ಮಗಳು ಕಾಲೇಜು ಸೇರಿದಳು.

ಅವನ ಹಳೆಯ ಸಂಬಳಕ್ಕೆ ಬರುವವರು ಈವರೆಗೆ ಸಿಕ್ಕಿಲ್ಲ. ಈಗ ದೋಸೆಕಲ್ಲಿನ ಮುಂದೆ ಹೊಳ್ಳರೇ ನಿಲ್ಲುತ್ತಾರೆ, ವೇಸ್ಟ್‌ಕೋಟಿನ ಮೇಲೆ ಐತಪ್ಪನ ಏಪ್ರನ್ನು ಕಟ್ಟಿಕೊಂಡು. ಲೋಕದ ಕ್ಷೇಮವನ್ನು ಇಷ್ಟು ಮನಸಾರೆ ಚರ್ಚಿಸುವವರು ಕೆಟ್ಟವರೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಸಮುದ್ರದಾಚೆಯವರ ಕಷ್ಟಸುಖ ಅವರಿಗೆ ಅಂಗೈಯಲ್ಲಿದ್ದಂತೆ ಕಾಣುತ್ತದೆ, ಹಿಂದಕ್ಕೆ ತಿರುಗಬೇಕಾದ ಕೊರಳು ಮಾತ್ರ ಮಣಿಯುವುದಿಲ್ಲ.

ನಿನ್ನೆ ಹೋದಾಗ ಹೊಳ್ಳರು ದನಿ ತಗ್ಗಿಸಿ, "ಮೇಷ್ಟ್ರೇ, ಎಣ್ಣೂರಿನಲ್ಲಿ ಅವನಿಗೆ ಎಷ್ಟು ಕೊಡ್ತಾರಂತೆ?" ಎಂದರು. ಹೇಳಿದೆ. ಹಿಟ್ಟಿನ ಕೈಯಲ್ಲೇ ಬಿಲ್ಲುಹಾಳೆ ತೆಗೆದು, ನಾರ್ವೆಯ ಕೆಳಗೆ ಎಣ್ಣೂರು ಎಂದು ಬರೆದುಕೊಂಡು, ಬಹಳ ಹೊತ್ತು ಅದನ್ನೇ ನೋಡಿದರು. ಕಲ್ಲಿನ ಮೇಲೆ ದೋಸೆ ಸೀಯುತ್ತಿತ್ತು.

"ಪಾಕಲಾಂ" ಎಂದರು.