ಕ್ಲೋವಿಸ್‌ನ ದೋಣಿಯ ಮುಂದಿನ ಸೀಟು

ನನ್ನ ಗಂಡ ಆರ್ಥೆಲ್ ಕೆಲವು ವಾರಗಳಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಯಾಕೆ ಅಂದರೆ ಭುಜ ನೋವು ಅನ್ನುತ್ತಿದ್ದ. ಭುಜದಿಂದ ಯಾರಾದರೂ ಅಗಿಯುತ್ತಾರಾ? ಕಾರಣ ನನಗೆ ಗೊತ್ತಿತ್ತು. ಅವನ ಜೀವದ ಗೆಳೆಯ ಕ್ಲೋವಿಸ್ ತನ್ನ ದೋಣಿಯ ಮುಂದಿನ ಸೀಟಿನಲ್ಲಿ ಡೆಸ್ಸಿಯನ್ನು ಕೂರಿಸಿಕೊಂಡು ಕೆರೆಗೆ ಹೋಗುತ್ತಿದ್ದ. ನಮ್ಮ ಮದುವೆಗೂ ಮುಂಚಿನಿಂದ ಆ ಸೀಟು ಆರ್ಥೆಲ್‌ನದು.

ತಪ್ಪು ಇವನದೇ. ಚಳಿಗಾಲದಲ್ಲಿ ಭುಜದ ಆಪರೇಷನ್ ಆದಾಗ ದೊಡ್ಡ ಮನುಷ್ಯನ ಹಾಗೆ, "ಈ ವರ್ಷ ನನ್ನ ಬಿಟ್ಬಿಡೋ ಕ್ಲೋವಿಸ್, ಬೇರೆ ಯಾರನ್ನಾದ್ರೂ ಕರ್ಕೊಂಡ್ ಹೋಗು" ಅಂದಿದ್ದ. ಬಾಯಿಮಾತಿಗೆ ಅಂದದ್ದು. ಕ್ಲೋವಿಸ್ ನಿಜವಾಗಿಯೂ ಕರೆದುಕೊಂಡು ಹೋದ. ಡೆಸ್ಸಿ ನಮ್ಮ ಚರ್ಚಿನಲ್ಲಿ ಹಾಡುವವಳು. ಗಂಡ ಲೀಮನ್ ತೀರಿಕೊಂಡ ಮೇಲೆ ಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಕ್ಲೋವಿಸ್‌ಗೂ ಹೆಂಡತಿ ಇಲ್ಲ. ಇಬ್ಬರೂ ಒಟ್ಟಿಗೆ ಕಂಡರೆ ಊರಿಗೆಲ್ಲ ಸಂತೋಷ, ನನ್ನ ಗಂಡನಿಗೊಬ್ಬನಿಗೇ ಸಂಕಟ.

"ಆ ಹೆಂಗಸಿಗೆ ಗಾಳ ಹಿಡಿಯೋಕಾದ್ರೂ ಬರುತ್ತೇನೇ?" ಅಂತ ನನ್ನನ್ನು ಕೇಳಿದ.

"ಬರದಿದ್ರೆ ಕ್ಲೋವಿಸ್ ಕಲಿಸ್ತಾನೆ ಬಿಡು."

"ಅವನಿಗೇ ಕಲಿಸಿದ್ದು ನಾನು!"

"ಹಾಗಾದ್ರೆ ಅವಳು ನಿನಗೆ ಮೊಮ್ಮಗಳಾಗ್ಬೇಕು. ಹೋಗಿ ಆಶೀರ್ವಾದ ಮಾಡು."

ತಟ್ಟೆ ತಳ್ಳಿ ಎದ್ದುಹೋದ. ನಾನು ನಕ್ಕೆನೇನೋ ಹೌದು, ಆದರೆ ಒಳಗೆ ಚುರ್ ಅಂದಿತ್ತು. ಹಿಂದೆ ನನ್ನ ತಂಗಿಯ ಮದುವೆಯಲ್ಲಿ, ಬೇಕೆಂದೇ, ಇವನ ಕಣ್ಣೆದುರಿಗೇ ನಾನು ಬೇರೊಬ್ಬನ ಜೊತೆ ಹಾಡು ಮುಗಿದರೂ ಬಿಡದೆ ಕುಣಿದಿದ್ದೆ. ಇವನು ಗೋಡೆಗೆ ಒರಗಿ ಕೇಕು ತಿನ್ನುತ್ತಿದ್ದ. ನಾನು ಬೆವರು ಒರೆಸುತ್ತಾ ವಾಪಸು ಬಂದರೆ, "ನಿನ್ನ ಪಾಲಿನ ಚೂರು ತಿನ್ಲಾ?" ಅಂದ. ಅಂಥ ಮನುಷ್ಯ ಈಗ ಒಂದು ಪ್ಲಾಸ್ಟಿಕ್ ಸೀಟಿಗಾಗಿ ಉಪವಾಸ!

ಡಾಗ್‌ವುಡ್ ಮರ ಬೆಳ್ಳಗೆ ಹೂಬಿಟ್ಟಿತು ಅಂದರೆ ಕ್ರ್ಯಾಪಿ ಮೀನು ಮೊಟ್ಟೆಯಿಡಲು ದಡದ ಕಡೆ ಬರುತ್ತದೆ. ಆಗ ಮಿಸಿಸಿಪ್ಪಿಯ ಅರ್ಧ ಜನ ನಮ್ಮ ಟಲ್ಲೂಶಾ ಕೆರೆಯಲ್ಲೇ ಇರುತ್ತಾರೆ. ಆ ಶನಿವಾರ ಬೆಳಗ್ಗೆ ಆರ್ಥೆಲ್ ನನ್ನನ್ನು ಅಲುಗಾಡಿಸಿ ಎಬ್ಬಿಸಿದ. "ಏಳು ಎರ್ಲೀನ್. ಕೆರೆಗೆ ಹೋಗೋಣ."

ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಕರೆದಿದ್ದ. ಒಂದು ಗಳಿಗೆ ನನಗೆ ಹಿಗ್ಗೇ ಆಯಿತು. ತಲೆ ಬಾಚಿಕೊಂಡೆ, ಬನ್ನಿನಂಥ ಮೆತ್ತಗಿನ ಬಿಸ್ಕಿಟ್ಟಿಗೆ ಸಾಸೇಜು ಇಟ್ಟು ಸುತ್ತಿಕೊಂಡೆ. ದೋಣಿ ನೀರಿಗಿಳಿದ ಮೇಲೆ ಅರ್ಥವಾಯಿತು: ನಮ್ಮ ಹಳೇ ತಗಡಿನ ದೋಣಿಯ ಮೋಟರಿನ ಹಗ್ಗ ಎಳೆಯಲು ಅವನ ಭುಜ ಬಗ್ಗುವುದಿಲ್ಲ. ಹಗ್ಗ ಎಳೆಯುವುದಕ್ಕೆ ನಾನು ಬೇಕಾಗಿತ್ತು, ಅಷ್ಟೇ.

"ಎಲ್ಲಿಗೆ ಹೋಗ್ತಿದೀವಿ?"

"ಸುಮ್ನೆ ಒಂದು ಸುತ್ತು."

ಸುಮ್ಮನೆ ಸುತ್ತುವವನು ಬೈನಾಕ್ಯುಲರ್ ತರುತ್ತಾನಾ? ಕೆರೆಯ ತುಂಬ ದೋಣಿಗಳು. ಆರ್ಥೆಲ್ ಒಂದೊಂದನ್ನೂ ನೋಡುತ್ತಾ ಬಂದ. ಕೆರೆಯೊಳಕ್ಕೆ ಚಾಚಿಕೊಂಡ ಮರಳಿನ ದಿಬ್ಬ ಇದೆ, ಮರಳಿನ ಮೂಗು ಅನ್ನುತ್ತಾರೆ, ಅದನ್ನು ದಾಟಿದ ಮೇಲೆ, ಸ್ವಲ್ಪ ದೂರದಲ್ಲಿ, ಕ್ಲೋವಿಸ್‌ನ ಹಸಿರು ದೋಣಿ ಕಂಡಿತು. ಮುಂದಿನ ಸೀಟಿನಲ್ಲಿ ನೇರಳೆ ಬಣ್ಣದ ಟೋಪಿ.

"ಅಯ್ಯೋ ಪಾಪಿ!" ಅಂದ ಆರ್ಥೆಲ್. "ನಮ್ಮ ಪೊದೆ ಮೇಲೇ ಕೂರಿಸಿದಾನೆ ಕಣೇ ಅವಳನ್ನ!"

ಈ ಪೊದೆಯ ವಿಷಯ ಹೇಳಿಬಿಡಬೇಕು. ಕ್ರ್ಯಾಪಿ ಬರೀ ನೀರಿನಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಕೊಂಬೆ ರೆಂಬೆಯ ಮರೆ ಬೇಕು. ಆದ್ದರಿಂದ ಇಲ್ಲಿ ಚಳಿಗಾಲದಲ್ಲಿ ಎಲ್ಲರೂ ಮರದ ತುದಿಗಳಿಗೆ ಕಲ್ಲು ಕಟ್ಟಿ ಕೆರೆಯಲ್ಲಿ ಮುಳುಗಿಸುತ್ತಾರೆ, ಎಲ್ಲಿ ಅನ್ನುವುದನ್ನು ಸಾಯುವವರೆಗೂ ಬಾಯಿ ಬಿಡುವುದಿಲ್ಲ. ಕಾನೂನಿನ ಪ್ರಕಾರ ಪೊದೆ ಯಾರದೂ ಅಲ್ಲ, ಮರ್ಯಾದೆಯ ಪ್ರಕಾರ ಮುಳುಗಿಸಿದವನದು. ಇವರಿಬ್ಬರೂ ಸೇರಿ ಸೀಡರ್ ಮರಗಳದ್ದು ಒಂದು ಮಾಡಿದ್ದರು. ಒಬ್ಬನನ್ನು ಕೇಳದೆ ಇನ್ನೊಬ್ಬ ಮೂರನೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಬಾರದು ಅಂತ ಮಾತಾಗಿತ್ತು. ಕಟ್ಟಿಕೊಂಡ ಹೆಂಡತಿ ನಾನು, ನನಗೂ ಎಲ್ಲಿದೆ ಅಂತ ಹೇಳಿರಲಿಲ್ಲ. ಈಗ ಡೆಸ್ಸಿ ಅಲ್ಲಿ ಕೂತಿದ್ದಾಳೆ ಅಂದಾಗ, ಸುಳ್ಳು ಯಾಕೆ ಹೇಳಲಿ, ನನಗೂ ಮೈ ಉರಿಯಿತು.

ಯಾರಾದರೂ ಗಾಳ ಹಾಕಿ ಕೂತಿದ್ದರೆ ದೂರದಲ್ಲೇ ಮೋಟರು ನಿಲ್ಲಿಸಿ, ಬರಬಹುದಾ ಅಂತ ಕೇಳಿ, ಅವರು ಹೂಂ ಅಂದ ಮೇಲೆ ಹೋಗುವುದು ಈ ಕೆರೆಯ ಪದ್ಧತಿ. ಆರ್ಥೆಲ್ ಮೋಟರು ನಿಲ್ಲಿಸಲೂ ಇಲ್ಲ, ಕೇಳಲೂ ಇಲ್ಲ. ನೀರು ಕಲಕಿಕೊಂಡು ಹೋಗಿ ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತ. ಹಸಿರು ದೋಣಿ ಹೊಯ್ದಾಡಿತು, ಡೆಸ್ಸಿ ಟೋಪಿ ಹಿಡಿದುಕೊಂಡಳು.

"ಏನೋ ಇದು, ಭುಜ ವಾಸಿಯಾಯ್ತೇನೋ?" ಅಂದ ಕ್ಲೋವಿಸ್, ನಗುತ್ತಲೇ.

"ಭುಜಾನೂ ವಾಸಿಯಾಗಿದೆ, ಕಣ್ಣೂ ಚೆನ್ನಾಗಿ ಕಾಣ್ತಿದೆ."

"ಒಳ್ಳೇದಾಯ್ತಲ್ಲ. ಎರ್ಲೀನ್ ಅಕ್ಕಾ, ನೀನೂ ಬಂದ್ಯಾ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ಮೋಟರಿನ ಹಗ್ಗದ ಕಡೆ" ಅಂದೆ ನಾನು.

ಡೆಸ್ಸಿ ನಕ್ಕಳು. "ಬನ್ನಿ ಆರ್ಥೆಲ್ ಅಣ್ಣಾ, ಜಾಗ ಬೇಕಾದಷ್ಟಿದೆ" ಅಂದು ಗಾಳಕ್ಕೆ ಸಿಕ್ಕಿಸುವ ಜೀವಂತ ಸಣ್ಣ ಮೀನುಗಳ ಬಕೆಟ್ಟನ್ನು ನಮ್ಮ ಕಡೆ ಚಾಚಿದಳು. ಇವನು ಬೇಡ ಅಂತ ಸಹ ಅನ್ನಲಿಲ್ಲ, ನೋಡಲೇ ಇಲ್ಲ. ತನ್ನ ಉದ್ದನೆಯ ಕೋಲು ಎತ್ತಿ ಸರಿಯಾಗಿ ಅವಳ ದಾರದ ಪಕ್ಕಕ್ಕೇ ಗಾಳ ಬಿಟ್ಟ. ದಾರಕ್ಕೆ ದಾರ ಸುತ್ತಿಕೊಂಡಿತು. ಅವಳು ಎರಡನ್ನೂ ಮೇಲೆತ್ತಿ, ಬಿಡಿಸಿ, ಇವನದನ್ನು ಇವನ ಕೈಗೆ ಕೊಟ್ಟಳು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಆರ್ಥೆಲ್, ಮನೆಗೆ ಹೋಗೋಣ ನಡಿ" ಅಂತ ಪಿಸುಗುಟ್ಟಿದೆ.

"ಇದು ನನ್ನ ಜಾಗ. ನಾನ್ಯಾಕೆ ಹೋಗ್ಲಿ?"

ಕ್ಲೋವಿಸ್‌ಗೆ ಅದು ಕೇಳಿಸಿತೋ ಇಲ್ಲವೋ. ಅವನು ಬಗ್ಗಿ ಡೆಸ್ಸಿಯ ಕಿವಿಯಲ್ಲಿ ಏನೋ ಹೇಳಿದ. ಅವಳು ಏನೋ ಅಂದಳು. ಕ್ಲೋವಿಸ್ ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿಕೊಂಡು ನಕ್ಕ. ಆ ನಗು ನಮ್ಮ ಮನೆಯ ಜಗಲಿಯಲ್ಲಿ ಇವನ ಮಾತಿಗೆ ನಗುತ್ತಿದ್ದ ನಗು. ಆರ್ಥೆಲ್‌ನ ಮುಖ ನೋಡಿದೆ. ಯಾರೋ ಮನೆಗೆ ನುಗ್ಗಿ ಪಾತ್ರೆ ಎತ್ತಿಕೊಂಡು ಹೋಗುತ್ತಿರುವುದನ್ನು ನೋಡುತ್ತಿರುವವನ ಹಾಗಿದ್ದ.

ಅಷ್ಟರಲ್ಲಿ ಡೆಸ್ಸಿಯ ಕೋಲು ಬಗ್ಗಿತು. ಎಂಥ ಮೀನು ಅಂತೀರಿ, ಮೊರದಷ್ಟು ಅಗಲ. ಅವಳು ಜಾಣೆ, ಅದನ್ನು ಎತ್ತಿ ತೋರಿಸದೆ ದೋಣಿಯ ಅಂಚಿಗೆ ಉಜ್ಜಿಕೊಂಡೇ ಮೆಲ್ಲಗೆ ಒಳಗೆಳೆದು ಐಸ್ ಪೆಟ್ಟಿಗೆಗೆ ಜಾರಿಸಿದಳು. ಜನ ತುಂಬಿದ ಕೆರೆಯಲ್ಲಿ ಹಾಗೇ ಮಾಡಬೇಕು. ಒಂದು ಮೀನು ಗಾಳಿಯಲ್ಲಿ ಹೊಳೆದರೆ ಸುತ್ತಲಿನ ದೋಣಿಗಳೆಲ್ಲ ಬಂದು ಮುತ್ತುತ್ತವೆ. ನಮ್ಮ ಸಣ್ಣ ಮಕ್ಕಳಿಗೂ ಅದು ಗೊತ್ತು.

ಆರ್ಥೆಲ್ ಎದ್ದು ನಿಂತ. ಎದ್ದವನೇ, ಚರ್ಚಿನಲ್ಲಿ ಹಿಂದಿನ ಬೆಂಚಿಗೂ ಕೇಳುವ ಅವನ ಆ ಗಂಟಲಿನಲ್ಲಿ ಕೂಗಿದ. "ಅಬ್ಬಬ್ಬಾ! ಏನು ಮೀನು ಡೆಸ್ಸಿ! ಪೆಟ್ಟಿಗೆ ಆಗ್ಲೇ ತುಂಬೋಯ್ತಲ್ಲ! ಇಲ್ಲಿ ಕಿಕ್ಕಿರಿದಿವೆ ಕಣ್ರೋ, ಬೇಕಾದವರು ಬನ್ನಿ!"

"ಕೂತ್ಕೋ ಮಾರಾಯಾ!" ಅಂತ ನಾನು ಅಂಗಿ ಹಿಡಿದು ಜಗ್ಗಿದೆ. ತಡವಾಗಿತ್ತು. ಮೋಟರುಗಳು ಗುರ್ ಅಂದವು. ಎಡದಿಂದ, ಬಲದಿಂದ, ಕೆರೆಯ ಆಚೆ ಬದಿಯಿಂದಲೂ ಬಂದರು. ನೋಡನೋಡುತ್ತಿದ್ದಂತೆ ದೋಣಿಗೆ ದೋಣಿ ತಾಗುವಷ್ಟು ಜನ. ತಮ್ಮ ತಮ್ಮ ದೋಣಿಯ ಜಿಪಿಎಸ್ ಯಂತ್ರಗಳಲ್ಲಿ ಈ ಜಾಗದ ಗುರುತು ಒತ್ತಿಕೊಳ್ಳುವ ಟಿಕ್ ಟಿಕ್ ಸದ್ದು ನನಗೇ ಕೇಳುತ್ತಿತ್ತು. ಇನ್ನು ಈ ಪೊದೆ ಇಡೀ ಜಿಲ್ಲೆಯ ಪೊದೆ.

"ಸಿಗಲಿ, ಎಲ್ಲರಿಗೂ ಸಿಗಲಿ" ಅಂದ ಆರ್ಥೆಲ್, ಏದುಸಿರು ಬಿಡುತ್ತಾ. "ಅವಳಿಗೆ ಮಾತ್ರ ಯಾಕೆ?"

ಕ್ಲೋವಿಸ್ ಕೋಲು ಕೆಳಗಿಟ್ಟು ಇವನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಗುರುತು ಹಿಡಿಯಲು ಯತ್ನಿಸುವವನ ಹಾಗೆ.

ಆಗ ಆರ್ಥೆಲ್‌ನ ಗಾಳ ಕೆಳಗೆಲ್ಲೋ ಸಿಕ್ಕಿಕೊಂಡಿತು. ಬಲವಾಗಿ ಎಳೆದ. ಏನೋ ಮುರಿದು ಕೊಕ್ಕೆಗೆ ಅಂಟಿಕೊಂಡು ಮೇಲೆ ಬಂತು. ಪಾಚಿ ಮೆತ್ತಿದ ಬಿದಿರಿನ ತುಂಡು.

ಅವನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ತಲೆಯೆತ್ತಿ ದಡದ ಕಡೆ ನೋಡಿದ. ಊರಿನ ನೀರಿನ ಟ್ಯಾಂಕಿ, ಅದರ ಪಕ್ಕಕ್ಕೆ ಕಾಣುವ ಕೆಂಪು ಶೆಡ್ಡು. ಮತ್ತೆ ಎಡಕ್ಕೆ, ಯಾರೂ ಇಲ್ಲದ ಖಾಲಿ ನೀರಿನ ಕಡೆ ಒಂದೇ ಒಂದು ಕ್ಷಣ ನೋಡಿ ಕಣ್ಣು ತಿರುಗಿಸಿಕೊಂಡ. ಅವನ ಬಣ್ಣವೇ ಇಳಿದುಹೋಯಿತು.

"ಏನಾಯ್ತೋ?" ಅಂದೆ.

"ನಾವು ಬಿದಿರು ಹಾಕೇ ಇಲ್ಲ ಕಣೇ" ಅಂತ ನನ್ನ ಕಿವಿಯಲ್ಲಿ ಉಸಿರಿದ. "ನಮ್ಮ ಪೊದೆ ಮೇಲೆ ನಿಂತು ನೋಡಿದ್ರೆ ಶೆಡ್ಡಿನ ನೆತ್ತಿಗೆ ಸರಿಯಾಗಿ ಟ್ಯಾಂಕಿ ಬರಬೇಕು. ಬಂದಿಲ್ಲ. ನಾನು ನೋಡಲೇ ಇಲ್ಲ. ಯಾವಾಗ್ಲೂ ಜಾಗ ನೋಡಿ ದೋಣಿ ಅವನು ನಿಲ್ಲಿಸ್ತಿದ್ದ, ನಾನು ಗಾಳ ಬಿಡ್ತಿದ್ದೆ. ಇವತ್ತೂ ಅವನು ನಿಂತಿದಾನಲ್ಲ, ಅದೇ ಜಾಗ ಅಂದ್ಕೊಂಡೆ."

ಡೆಸ್ಸಿಯ ಕಣ್ಣು ಆ ಬಿದಿರಿನ ತುಂಡಿನ ಮೇಲಿತ್ತು. "ಲೀಮನ್ ಹಾಕಿದ್ದು ಅದು" ಅಂದಳು, ನನಗೆ ಹೇಳುವ ಹಾಗೆ. "ನಮ್ಮ ಹಿತ್ತಿಲಿಂದ ಕಡಿದು ಬಕೆಟ್ಟಿನಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದ್ರು. ನಾನೇ ಹಿಡ್ಕೊಂಡಿದ್ದೆ. ಅವರು ಹೋದ ಮೇಲೆ ಒಬ್ಬಳೇ ಬರೋಕೆ ಧೈರ್ಯ ಬರ್ಲಿಲ್ಲ ಅಕ್ಕಾ. ಎರಡು ಸಲ ಬಂದು ಈ ಮೂಗು ದಾಟದೇ ವಾಪಸ್ ಹೋದ್ವಿ. ಇವತ್ತು ದಾಟಿದೆ."

ನಮ್ಮ ಸುತ್ತ ಬಂದವರು ಅವಳ ಗಂಡನ ಬಿದಿರಿನ ನಡುವೆ ಗಾಳ ಬಿಡುತ್ತಾ, ಒಬ್ಬರಿಗೊಬ್ಬರು ಸರಿಯಿರಿ ಸರಿಯಿರಿ ಅನ್ನುತ್ತಿದ್ದರು. ನಾನು ಬಿಸ್ಕಿಟ್ ಪೊಟ್ಟಣ ಚಾಚಿದೆ. ಡೆಸ್ಸಿ ಒಂದು ತೆಗೆದುಕೊಂಡಳು, ತಿನ್ನಲಿಲ್ಲ.

"ಕ್ಲೋವಿಸ್" ಅಂದ ಆರ್ಥೆಲ್. "ಲೋ ಕ್ಲೋವಿಸ್, ನಾನು ಏನಂದ್ಕೊಂಡೆ ಅಂದ್ರೆ..."

ಅಲ್ಲಿಗೇ ನಿಲ್ಲಿಸಿದ. ಮುಂದೆ ಹೇಳಿದರೆ ಇನ್ನೊಂದು ಪೊದೆ ಇದೆ ಅಂತ ಸುತ್ತಲಿನ ಅಷ್ಟೂ ಕಿವಿಗಳಿಗೆ ಗೊತ್ತಾಗುತ್ತದೆ. ಕ್ಲೋವಿಸ್‌ಗೆ ಅರ್ಥವಾಯಿತು ಅಂತ ನನಗೆ ಅನಿಸುತ್ತದೆ. ಇವನ ಕಣ್ಣು ಎಡಕ್ಕೆ ಹೋಗಿ ಬಂದದ್ದನ್ನು ಅವನೂ ನೋಡಿದ್ದ.

ಕ್ಲೋವಿಸ್ ಲಂಗರು ಎತ್ತಿದ. ಜಾಗ ಬಿಟ್ಟು ಹೋಗುವವರು ಪಕ್ಕದಲ್ಲಿ ಕಾದಿರುವ ಅಪರಿಚಿತರಿಗೆ ಟೋಪಿ ಮುಟ್ಟಿ ಒಂದು ಮಾತು ಹೇಳಿ ಹೋಗುವುದು ಇಲ್ಲಿಯ ಸಂಪ್ರದಾಯ. ಗೆಳೆಯರಿಗೆ ಯಾರೂ ಹೇಳುವುದಿಲ್ಲ, ಗೆಳೆಯರನ್ನು ಬೈದು ಹೋಗುತ್ತಾರೆ. ಆರ್ಥೆಲ್ ಬೈಗುಳಕ್ಕೆ ಕಾಯುತ್ತಿದ್ದ. ಕತ್ತು ಮುಂದಕ್ಕೆ ಚಾಚಿ, ಬೇಡುವವನ ಹಾಗೆ ಕಾಯುತ್ತಿದ್ದ.

ಕ್ಲೋವಿಸ್ ಟೋಪಿ ಮುಟ್ಟಿದ. "ನಮ್ಮದು ಮುಗೀತು ಸಾರ್. ಜಾಗ ನಿಮಗೆ ಬಿಟ್ಟಿದೀವಿ. ಒಳ್ಳೇ ಮೀನು ಸಿಗಲಿ."

ಹಸಿರು ದೋಣಿ ಯಾರಿಗೂ ಅಲೆ ತಾಗದ ಹಾಗೆ ಮೆಲ್ಲಗೆ ಜನರ ನಡುವಿನಿಂದ ಹೊರಗೆ ಹೋಯಿತು. ಎಡಗಡೆಯ ಆ ಖಾಲಿ ನೀರಿನ ಮೇಲೆಯೇ ಹಾದುಹೋಯಿತು. ಶೆಡ್ಡಿನ ನೆತ್ತಿಗೆ ಟ್ಯಾಂಕಿ ಬರುವ ಕಡೆ ಕ್ಲೋವಿಸ್ ವೇಗ ತಗ್ಗಿಸಲಿಲ್ಲ, ಕೆಳಗೆ ಕಣ್ಣೂ ಹಾಯಿಸಲಿಲ್ಲ. ನೋಡುತ್ತಿದ್ದ ಅಷ್ಟು ಜನರಲ್ಲಿ ಒಬ್ಬನಿಗೂ ಅಲ್ಲಿ ಏನಿದೆ ಅಂತ ಗೊತ್ತಾಗಲಿಲ್ಲ.

"ಕೂತ್ಕೊಳ್ಳಯ್ಯಾ, ದೋಣಿ ಅಲ್ಲಾಡ್ತಿದೆ!" ಅಂತ ಪಕ್ಕದವನು ಯಾರೋ ರೇಗಿದ. ಆರ್ಥೆಲ್ ಕೂರಲಿಲ್ಲ. ನೋವಿನ ಕೈಯನ್ನು ಎದೆಗೆ ಒತ್ತಿಕೊಂಡು, ಆ ದೋಣಿ ಮರಳಿನ ಮೂಗು ದಾಟಿ ಮರೆಯಾದ ಮೇಲೂ ಆ ಕಡೆಗೇ ನೋಡುತ್ತಾ ನಿಂತಿದ್ದ, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅವನನ್ನು ಸಮಾಧಾನ ಮಾಡಬೇಕಾದವಳು ನಾನು. ಮಾಡಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿತ್ತು. ನಾಳೆ ನಾನು ಪೆಟ್ಟಿಗೆ ಕಟ್ಟಿಕೊಂಡು ಮನೆ ಬಿಟ್ಟು ಹೊರಟರೂ ಈ ಮನುಷ್ಯ ನನ್ನ ಹಿಂದೆ ಹೀಗೆ ನೋಡುತ್ತಾ ನಿಲ್ಲುವವನಲ್ಲ.