ಮೊದಲ ನೀರು

ಚಹಾದೆಲೆಯ ಮೇಲೆ ಬಿಸಿನೀರು ಹೊಯ್ದು, ಇಳಿದ ಚಾಯವನ್ನು ಲತಾಮಣಿ ಹಾಗೇ ಮರದ ತಟ್ಟೆಗೆ ಚೆಲ್ಲಿದಾಗ ಚೆಲುವಮ್ಮ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. ಕರೆಸಿ ಕೂರಿಸಿ, ಕಣ್ಣೆದುರೇ ಚಾಯ ಚೆಲ್ಲುವುದೆಂದರೇನು? ಮರಕ್ಕಡವು ಊರಿನಲ್ಲಿ ಇದಕ್ಕಿಂತ ಸಣ್ಣ ಮಾತಿಗೆ ನೆಂಟಸ್ತಿಕೆಗಳು ಮುರಿದಿವೆ.

ಚೆಲುವಮ್ಮ ಬಂದದ್ದೇ ದೊಡ್ಡದು. ಕಬಿನಿಯ ಕಡವಿನಲ್ಲಿ ಅವಳ ಚಾಯದಂಗಡಿ; ದೋಣಿ ಇಳಿದವರು ಅಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಲೋಟ ತೊಳೆಯಲು ಬಂದ ಲತಾಮಣಿಯನ್ನು ಅವಳು ಸ್ವಂತ ತಂಗಿಯಂತೆ ನೋಡಿಕೊಂಡಿದ್ದಳು. ಹೋದ ವರ್ಷ ಪದ್ಮನಾಭನ್ ಎಂಬ ತೋಟದ ಮಾಲೀಕ ಪ್ರವಾಸಿಗರಿಗೆಂದು ಚೀನಾ ಪದ್ಧತಿಯ ಚಹಾಕೋಣೆ ತೆರೆದ. ಲತಾಮಣಿ ಒಂದು ಮಾತೂ ಹೇಳದೆ ಅಲ್ಲಿಗೆ ಸೇರಿಕೊಂಡಳು. ಇನ್ನು ಅವಳ ಕೈಯಿಂದ ತೊಟ್ಟು ನೀರೂ ಮುಟ್ಟುವುದಿಲ್ಲ ಎಂದು ಚೆಲುವಮ್ಮ ಊರಿಗೆಲ್ಲ ಕೇಳುವಂತೆ ಹೇಳಿದಳು. ಆಡಿದ್ದನ್ನು ನಡೆಸುವ ಹೆಂಗಸು, ನಡೆಸಿದಳು. ಆದರೆ ಅಂದಿನಿಂದ ಅಂಗಡಿ ಅವಳಿಗೆ ಬಿಕೋ ಎನ್ನುತ್ತಿತ್ತು. ಇವತ್ತು ಚಹಾಕೋಣೆಗೆ ರಜೆ. ಒಂದು ಸಲ ಬಂದು ಕುಡಿ, ಆಮೇಲೂ ನಾನು ಬೇಡವಾದರೆ ಮತ್ತೆ ಕಾಡುವುದಿಲ್ಲ ಎಂದು ಲತಾಮಣಿ ಹೇಳಿಕಳಿಸಿದ್ದಳು.

"ಕೂತ್ಕೊ ಅಕ್ಕಾ," ಎಂದಳು ಲತಾಮಣಿ, ಅಳುಕದೆ. "ಮೊದ್ಲು ನೀರು ಎಲೆ ತೊಳ್ಯಾಕೆ. ನೀನೂ ದಿನಾ ಬೆಳಿಗ್ಗೆ ಮೊದ್ಲ ಲೋಟನ ಬೀದಿಗೆ ಹುಯ್ತೀಯಲ್ಲ?"

"ಅದು ಭೂಮ್ತಾಯ್ಗೆ ಕಣೆ."

"ಅದ್ನ ಬಂದೋರ್ಗೆ ಕೊಡಾಕಿಲ್ವಲ್ಲ. ಇದೂ ಅಂಗೇಯ."

ಚೆಲುವಮ್ಮ ಮತ್ತೆ ಕೂತಳು. ಹಾಲಿಲ್ಲ, ಸಕ್ಕರೆಯಿಲ್ಲ, ಬಟ್ಟಲೋ ಮಕ್ಕಳಾಟದ್ದು. ಲತಾಮಣಿ ಎರಡನೇ ನೀರು ಹೊಯ್ಯುತ್ತಾ ವಿವರಿಸಿದಳು. ಚೀನಾ ದೇಶದಲ್ಲಿ ನೆರೆಯವರು ಬಂದರೂ, ಮುನಿಸು ತೀರಬೇಕಾದರೂ ಹೀಗೇ ಕೂತು ಚಹಾ ಹೊಯ್ಯುತ್ತಾರಂತೆ. ಹೊಯ್ಸಿಕೊಂಡವರು ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ಎರಡು ಬೆರಳಿನಿಂದ ಮೇಜು ತಟ್ಟಿದರೆ ಉಪಕಾರ ಸ್ಮರಿಸಿದಂತೆ. ತಪ್ಪು ಮಾಡಿದವರು ಎರಡೂ ಕೈಯಲ್ಲಿ ಬಟ್ಟಲು ನೀಡುತ್ತಾರೆ, ಹಿರಿಯರು ಕುಡಿದರೆ ಅಲ್ಲಿಗೆ ಮುಗಿಯಿತು.

ಅವಳು ಎರಡೂ ಕೈಯಲ್ಲಿ ಬಟ್ಟಲು ನೀಡಿದಳು. "ಹೋಗಿದ್ದು ತಪ್ಪಲ್ಲ ಅಕ್ಕಾ. ನಿಂಗೆ ಹೇಳ್ದೆ ಹೋದ್ನಲ್ಲ, ಅದು ತಪ್ಪು."

ಚೆಲುವಮ್ಮ ಬಟ್ಟಲನ್ನು ನೋಡಿದಳು, ಹುಡುಗಿಯ ಮುಖ ನೋಡಿದಳು. ಹುಡುಗಿಯೇನು, ತಲೆಯಲ್ಲಿ ಬಿಳಿಕೂದಲು ಇಣುಕುತ್ತಿತ್ತು. ಇಷ್ಟು ದಿನ ಇವಳಿಲ್ಲದೆ ಹೇಗಿದ್ದೆನೋ ಅನ್ನಿಸಿತು. ಬಟ್ಟಲು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. ಮೊದಲು ಒಗರು, ಆಮೇಲೆ ನಾಲಗೆಯ ಬುಡದಲ್ಲಿ ಎಲ್ಲಿಂದಲೋ ಸಿಹಿ. ಕಣ್ಣು ತುಂಬಿಬಂತು. ಬಿಸಿಗೆ ಬಂದದ್ದೆಂದು ಯಾರು ಬೇಕಾದರೂ ಅಂದುಕೊಳ್ಳಲಿ.

"ಎಲ್ಲಾ ಸರಿ, ಹುಯ್ಯಾದು ಮಾತ್ರ ಮರ್ತಿದ್ದೀಯ," ಎಂದಳು. "ಕೊಡಿಲ್ಲಿ."

ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು. ಪುಟ್ಟ ಚಹಾಪಾತ್ರೆಯನ್ನು ತಲೆಗಿಂತ ಮೇಲಕ್ಕೆತ್ತಿ, ಕಡವಿನಂಗಡಿಯಲ್ಲಿ ಹೊಯ್ಯುವಂತೆಯೇ ಸಣ್ಣ ಧಾರೆ ಬಿಟ್ಟಳು. ಲತಾಮಣಿಯ ಬಟ್ಟಲು ಅಂಚಿನವರೆಗೆ ತುಂಬಿತು. ಮೇಜಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಬಟ್ಟಲು ಎತ್ತುವ ಮೊದಲು ಲತಾಮಣಿ ಎರಡು ಬೆರಳು ಮಡಚಿ ಮೇಜನ್ನು ಮೆಲ್ಲಗೆ ತಟ್ಟಿದಳು.